ಪಟ್ಟಿಯ ಒಂಬತ್ತನೆಯದು

ಅಕ್ಕಾ,

ನಮ್ಮ ಯಜಮಾನರ ನಾಲಗೆಯ ಹಟ ನಿನಗೆ ಗೊತ್ತೇ ಇದೆ. ಹಡಗು ಹತ್ತಿದ ದಿನವೇ ಬದನೆ, ಬೆಂಡೆ, ಮೀನು ಮುಂತಾಗಿ ಅವರಿಗೆ ಸೇರದ ಎಂಟನ್ನೂ ಅಲರ್ಜಿಯೆಂದು ಅಡುಗೆಮನೆಗೆ ಬರೆದುಕೊಟ್ಟಿದ್ದೆ. ಒಂಬತ್ತನೆಯದು ಬಾದಾಮಿ, ಅದೊಂದೇ ನಿಜ. ನಿನ್ನೆ ಅದೇನು ಮನಸ್ಸು ಬಂತೋ, ಇವರು ನನ್ನ ತಟ್ಟೆಯ ಹುರಿದ ಬದನೆಯನ್ನು ಚಪ್ಪರಿಸಿ ತಿಂದರು. ಬಡಿಸುವ ಸ್ತಾಮಾತಿಸ್ ನಕ್ಕುಬಿಟ್ಟ: "ಸ್ವಾಮೀ, ನಿಮ್ ಅಲರ್ಜಿ ಬರೀ ಬಾಯಿಮಾತು ಬಿಡಿ!" ಆಮೇಲೆ ಅವನು ತಂದಿಟ್ಟ ಹಲ್ವದಲ್ಲಿ ಬಾದಾಮಿ ಪುಡಿಯಿತ್ತು.

ಗಂಟಲು ಊದಿತು, ಈಗ ಯಂತ್ರವೇ ಉಸಿರಾಡಿಸುತ್ತಿದೆ. ನಾಳೆ ರೋಡ್ಸ್ ದ್ವೀಪದ ಆಸ್ಪತ್ರೆಗೆ ಇಳಿಸುತ್ತಾರೆ, ಈ ಕಾರ್ಡು ಸಿಕ್ಕ ಕೂಡಲೇ ಬಾ. ಸ್ತಾಮಾತಿಸನನ್ನೂ ಕೆಲಸದಿಂದ ತೆಗೆದು ಅಲ್ಲೇ ಇಳಿಸುತ್ತಾರಂತೆ. "ಅಮ್ಮಾ, ನಿಜವಾದ್ದು ಒಂದೇ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?" ಅಂದ.

ಕಪ್ತಾನರು ಕೇಳಿದಾಗ, ಒಂಬತ್ತೂ ನಿಜವೆಂದೇ ಹೇಳಿಬಿಟ್ಟೆ.

ಕಲಿಯೋಪಿ