ಏಳು ದಾಟಿದ ಸಣ್ಣ ಮುಳ್ಳು

ಸಿಂದಗಿ
12 ನವೆಂಬರ್ 2024

ಪ್ರೀತಿಯ ನಾಜಿಮಾ ಆಪಾ,

ಸಲಾಮ್. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನಿಂತು ನಿನ್ನ ಕಾಲು ಬಾತುಕೊಳ್ಳುತ್ತಿತ್ತಲ್ಲ, ಈಗ ಹೇಗಿದೆ? ಬೆಳಗಾವಿಯಲ್ಲಿ ಚಳಿ ಶುರುವಾಗಿರಬೇಕು. ಸ್ವೆಟರ್ ಇಲ್ಲದೆ ಡ್ಯೂಟಿಗೆ ಹೋಗಬೇಡ. ಇಲ್ಲಿ ಅಮ್ಮಿ ಆರಾಮಾಗಿದ್ದಾಳೆ. ನಿನ್ನ ಮಗಳು ಇರಮ ಗಡಿಯಾರ ನೋಡುವುದನ್ನು ಕಲಿತಿದ್ದಾಳೆ.

ಕಲಿಸಿದವಳು ನಾನೇ. ಕೆಟ್ಟು ನಿಂತಿದ್ದ ಹಳೆಯ ಗಡಿಯಾರದ ಗಾಜು ಬಿಚ್ಚಿ ದೊಡ್ಡ ಮುಳ್ಳನ್ನು ಕಿತ್ತಿಟ್ಟೆ. ಎರಡೂ ಒಟ್ಟಿಗೆ ಕಂಡರೆ ಒಂದನೆಯ ತರಗತಿಯ ಮಕ್ಕಳಿಗೆ ಗಾಬರಿ. ಸಣ್ಣದೊಂದೇ ಸಾಕು: ಏಳರ ಹತ್ತಿರ ಬಂದಿದೆ, ಏಳರ ಮೇಲಿದೆ, ಏಳು ದಾಟಿದೆ. ಶಾಲೆಯ ಹೊತ್ತು, ಊಟದ ಹೊತ್ತು ಎಲ್ಲವನ್ನೂ ಹೀಗೇ ತಿರುಗಿಸಿ ತೋರಿಸಿದೆ. ಅರ್ಧ ಗಂಟೆ ಎಂದರೇನೆಂದು ರೊಟ್ಟಿ ಮುರಿದು ತಿಳಿಸಲು ಹೋದರೆ, ಅರ್ಧ ತಿಂದು ‘ಈಗ ಎಷ್ಟಾತು ಖಾಲಾ?’ ಎಂದು ನನ್ನನ್ನೇ ಕೇಳಿದಳು.

ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆಂದು ನೀನು ಅವಳಿಗೆ ಹೇಳಿ ಹೋಗಿದ್ದೆ. ಡ್ಯೂಟಿ ಮುಗಿಯದೆ ನಿನ್ನ ಫೋನ್ ಬಾರದ ದಿನ ಅಮ್ಮಿ, ‘ಇನ್ನ ಏಳ ಆಗಿಲ್ಲವ್ವಾ. ಉಂಡು ಮಕ್ಕೋ, ಆದಮ್ಯಾಗ ಎಬ್ಬಸ್ತೇನಿ’ ಅನ್ನುತ್ತಿದ್ದಳು. ಮಗು ನಂಬಿ ಮಲಗುತ್ತಿತ್ತು. ಮೊನ್ನೆ ಶುಕ್ರವಾರವೂ ಅಮ್ಮಿ ಹಾಗೇ ಅಂದಳು. ಇರಮ ಗೋಡೆಯ ಮೇಲೆ ಓಡುತ್ತಿದ್ದ ಗಡಿಯಾರದ ಕಡೆ ನೋಡಿ, ‘ನಾನಿ, ನಿನಗ ಗಡಿಯಾರ ನೋಡಾಕ ಬರೂದಿಲ್ಲೇನು? ಸಣ್ಣ ಮುಳ್ಳು ಎಂಟು ದಾಟೇತಿ. ಬಾ, ನಾ ಕಲಸ್ತೇನಿ’ ಎಂದಳು. ಅಮ್ಮಿ ಕುಳಿತು ಪಾಠ ಹೇಳಿಸಿಕೊಂಡಳು, ಬೇಕೆಂದೇ ಎರಡು ಸಲ ತಪ್ಪಿದಳು. ಇರಮ ನಕ್ಕಳು. ನಾನಿ ಹೇಳಿದ್ದು ಸುಳ್ಳೆಂದು ಅವಳಿಗಿನ್ನೂ ಹೊಳೆದಿಲ್ಲ. ಆದರೆ ಪಾಠ ಮುಗಿದ ಮೇಲೆ ಹಾಸಿಗೆಗೆ ಬರಲಿಲ್ಲ. ಫೋನಿನ ಪಕ್ಕದಲ್ಲಿ ಗಡಿಯಾರಕ್ಕೆ ಮುಖ ಮಾಡಿ ಕೂತಲ್ಲೇ ನಿದ್ದೆ ಹೋದಳು.

ಅಮ್ಮಿಯ ದುವಾ ನಿನ್ನ ಜೊತೆಗಿರಲಿ. ಇರಮಳ ಒಂದು ಮುತ್ತನ್ನೂ ಇದರೊಳಗೆ ಮಡಚಿಟ್ಟಿದ್ದೇನೆ.

ನಿನ್ನ ತಂಗಿ,
ಫರಹತ

ತಾ.ಕ.: ಫೋನಿನಲ್ಲಿ ಎಲ್ಲರ ಮುಂದೆ ಇದನ್ನು ಹೇಳಲು ನನಗಾಗಲಿಲ್ಲ. ಇನ್ನು ಮೇಲೆ ಅವಳಿಗೆ ‘ಏಳಕ್ಕೆ’ ಎನ್ನಬೇಡ ಆಪಾ. ಉಳಿದ ದಿನ ಬಿಡುವಾದಾಗ ಮಾಡು. ಭಾನುವಾರ ನಿನಗೆ ರಜೆ. ಆ ದಿನ ಬೆಳಿಗ್ಗೆ ಹತ್ತು ಎಂದು ನೀನೇ ಹೇಳು. ಒಂಬತ್ತರಿಂದಲೇ ಕಾಯುತ್ತಾ ಕೂರುತ್ತಾಳೆ, ಕೂರಲಿ. ಹತ್ತು ಮಾತ್ರ ದಾಟಿಸಬೇಡ.