ಬಾಗ್ಲಾಕು ಎಂದದ್ದು ನೀನು, ಅರ್ಥ ಹೇಳಿದ್ದು ನಾನು

ದಿಂಡಿಗಲ್
12-6-2025, ಗುರುವಾರ

ಪ್ರೀತಿಯ ಪೊನ್ನುಸಾಮಿ ಅಣ್ಣನಿಗೆ,

ನಿನ್ನ ತಂಗಿ ಮಣಿಮೇಗಲೈ ಮಾಡುವ ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತು ದಿನದಿಂದ ನಮ್ಮ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ. ನಿನ್ನ ಕಬಡ್ಡಿ ಟೀಮಿನ ವಾಟ್ಸಾಪ್ ಗ್ರೂಪಿನಿಂದಲೂ ಕಿತ್ತುಹಾಕಿದೆ. ಇರಲಿ, ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಗುಂಡಿ ಯಾವ ಫೋನಿನಲ್ಲೂ ಇಲ್ಲ. ನೀನು ಓದದೆ ಹರಿದು ಹಾಕುವವನು ಎಂದು ಗೊತ್ತಿದ್ದೇ ಕವರಿನ ಮೇಲೆ ನಾಗಮ್ಮಾಳ್ ಅತ್ತಿಗೆಯ ಹೆಸರು ಬರೆದಿದ್ದೇನೆ. ಅಕ್ಷರ ತಮಿಳಿನದು, ಮಾತು ನಮ್ಮ ಮನೆಯದು. ಬಾಯಿಬಿಟ್ಟು ಓದಿದರೆ ನಿನಗೆ ಸರಿಯಾಗಿ ತಿಳಿಯುತ್ತದೆ. ಅತ್ತಿಗೆಯೂ ಕೇಳಿಸಿಕೊಳ್ಳಲಿ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಆಂಡಿಪಟ್ಟಿಯ ಸೆಮಿಫೈನಲ್ ದಿನ, ಯೂಟ್ಯೂಬ್ ಲೈವಿನ ಕೆಳಗೆ, ನೀನು ಗೆರೆಯಾಚೆ ನಿಂತು ಹುಡುಗರಿಗೆ ಕೂಗುವ ಮಾತುಗಳಿಗೆಲ್ಲ ತಮಿಳಿನಲ್ಲಿ ಅರ್ಥ ಬರೆದು ಹಾಕಿದ್ದು ನಿನ್ನ ಮಾಪ್ಳೆ ಅಲ್ಲ. ನಾನು. ಫೋನು ನಮ್ಮ ಯಜಮಾನರ ಹೆಸರಿನಲ್ಲಿದೆ. ನಾನು ಏನು ಬರೆದರೂ ಅಲ್ಲಿ ‘ತಂಗರಾಜ್ ಬೀಗದ ಅಂಗಡಿ’ ಎಂದೇ ಬೀಳುತ್ತದೆ. ಕಬಡ್ಡಿಯಲ್ಲಿ ಒಂದು ಕಡೆಗೆ ಏಳು ಜನ ಎಂಬುದೂ ಇವರಿಗೆ ನೆಟ್ಟಗೆ ಗೊತ್ತಿಲ್ಲ. ಹೋದ ವರ್ಷ ಫೈನಲ್ ನೋಡುತ್ತಾ ಗೊರಕೆ ಹೊಡೆದವರು ಇವರು.

ನೀನು ಫೋನ್ ಮಾಡಿ, “ನಮ್ ಮಾತ್ನ ಕಂಡೋರ್ಗೆಲ್ಲ ಕೊಟ್ಬುಟ್ಯಲ್ಲ ಮಾಪ್ಳೆ” ಎಂದು ಕಿರುಚಿದಾಗ ಇವರು ಗಿರಾಕಿಯೊಬ್ಬನಿಗೆ ಗೋಡೌನ್ ಬೀಗ ತೋರಿಸುತ್ತಿದ್ದರು. ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ, “ಆಮಾ ಮಚ್ಚಾನ್, ನಾನೇ. ತಪ್ಪಾಗೋಯ್ತು” ಎಂದು ಹೇಳಿ ಫೋನಿಟ್ಟು ಬೀಗ ತೋರಿಸುವುದನ್ನು ಮುಂದುವರಿಸಿದರು. ಯಾಕೆ ಹೀಗೆ ಮಾಡಿದಿರಿ ಎಂದು ಆಮೇಲೆ ಕೇಳಿದೆ. “ನಿಮ್ಮಣ್ಣ ನನ್ಮೇಲೆ ಸಿಟ್ಟಾದ್ರೆ ನಾನು ತಾಳ್ಕೋತೀನಿ. ನಿನ್ಮೇಲೆ ಸಿಟ್ಟಾದ್ರೆ ನೀನು ಊಟ ಬಿಡ್ತೀಯ, ನನ್ಗೂ ಹಾಕಲ್ಲ ಕಣೆ ಪುಳ್ಳೆ” ಎಂದರು. ನಾನು ನಕ್ಕೆ, ಸುಮ್ಮನಾದೆ. ಹತ್ತು ದಿನ ಸುಮ್ಮನೇ ಇದ್ದೆ. ಅಣ್ಣ, ಆ ಸುಮ್ಮನಿದ್ದದ್ದು ನನ್ನ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಕಮೆಂಟ್ ಬರೆದದ್ದಕ್ಕೆ ಕೇಳುವುದಿಲ್ಲ.

ಯಾಕೆ ಬರೆದೆ ಗೊತ್ತೇ? ನೀನು ಮೈದಾನದಲ್ಲಿರುವವನು, ಆ ಪರದೆಯ ಕೆಳಗೆ ಏನು ನಡೆಯುತ್ತದೆ ಎಂದು ನೋಡಿದವನಲ್ಲ. ಅವತ್ತು ನಾಲ್ಕು ಸಾವಿರ ಜನ ಲೈವ್ ನೋಡುತ್ತಿದ್ದರು. ನಾನು ಅಂಗಡಿಯ ಗಲ್ಲಾದ ಮುಂದೆ, ಫೋನನ್ನು ಬೀಗದ ಡಬ್ಬಕ್ಕೆ ಒರಗಿಸಿಕೊಂಡು ಕೂತಿದ್ದೆ. ನೀನು “ಬಾಗ್ಲಾಕು! ಬಾಗ್ಲಾಕು!” ಎಂದು ಕೂಗಿದೆ. ನಮ್ಮ ಹುಡುಗರು ಕೈಗೆ ಕೈ ಕೊಟ್ಟು, ಒಳಗೆ ಬಂದ ರೈಡರ್ ಮರಳಿ ಗೆರೆ ಮುಟ್ಟದ ಹಾಗೆ ದಾರಿ ಕಟ್ಟಿದರು. ಎಷ್ಟು ಚೆಂದ! ಕೆಳಗೆ ನೋಡಿದರೆ ಒಬ್ಬ, ಇದೇನು ಮಲೆ ಇಳಿದು ಬಂದವರ ಭಾಷೆಯಾ ಎಂದು ಕೇಳಿದ್ದಾನೆ. ಇನ್ನೊಬ್ಬ, ಕೋಚ್ ಮಾಟ ಮಂತ್ರ ಹಾಕುತ್ತಿದ್ದಾನೆ ಎಂದು ನಗುವ ಮುಖ ಹಾಕಿದ್ದಾನೆ. ಮತ್ತೊಬ್ಬ ನಿನ್ನ ಕೂಗನ್ನು ಕತ್ತರಿಸಿ, ಹಿಂದೆ ನಾದಸ್ವರ ಸೇರಿಸಿ ಸ್ಟೇಟಸ್ ಹಾಕಿಕೊಂಡಿದ್ದ. ನನ್ನ ಮೈಯೆಲ್ಲ ಉರಿಯಿತು. ನಮ್ಮಪ್ಪ ಅಮ್ಮ ಮಾತಾಡಿದ ಮಾತು ಇವರಿಗೆ ಮಂತ್ರವಾಯಿತೇ?

ಆ ಗದ್ದಲದಲ್ಲಿ ಒಬ್ಬನೇ ಒಬ್ಬ ಮರ್ಯಾದೆಯಿಂದ ಕೇಳಿದ. ಹೆಸರಿನ ಜಾಗದಲ್ಲಿ ‘ಏಳನೇ ನಂಬರ್ ರಸಿಗನ್’ ಎಂದಿತ್ತು, ಯಾರೋ ಅಭಿಮಾನಿ ಎಂದುಕೊಂಡೆ. “ಕೋಚ್ ಏನು ಹೇಳುತ್ತಿದ್ದಾರೆ, ಗೊತ್ತಿದ್ದವರು ದಯವಿಟ್ಟು ಹೇಳಿ” ಎಂದು ಮೂರು ಸಲ ಬರೆದ. ಮೂರನೇ ಸಲಕ್ಕೆ ನಾನು ಬರೆದೆ. ಇದು ಕನ್ನಡ, ನಾವು ಕಂಬಂ ಕಡೆಯವರು, ನೂರಾರು ವರ್ಷದಿಂದ ಮನೆಯಲ್ಲಿ ಇದನ್ನೇ ಮಾತಾಡುತ್ತೇವೆ. ಬಾಗ್ಲಾಕು ಎಂದರೆ ವಾಪಸು ಹೋಗುವ ದಾರಿ ಮುಚ್ಚು. ಬಿಟ್ಬುಡು ಎಂದರೆ ಮೇಲೆ ಬೀಳಬೇಡ, ಅವನ ಪಾಡಿಗೆ ಹೋಗಲಿ. ಉಸ್ರೋಯ್ತು ಎಂದರೆ ಅವನಿಗೆ ದಮ್ಮು ಮುಗಿಯಿತು, ಈಗ ಹಿಡಿ. ಇನ್ನೂರು ಜನ ಲೈಕ್ ಒತ್ತಿದರು. ಮಂತ್ರ ಎಂದವನು ಬರೆದದ್ದನ್ನು ಅಳಿಸಿದ. ಸುಳ್ಳೇಕೆ, ಹಿಗ್ಗಿ ಹೋದೆ.

ಹಿಗ್ಗಿನಲ್ಲಿ ಒಂದನ್ನು ಮರೆತೆ. ಎದುರಾಳಿಗಳಿಗೂ ಫೋನಿದೆ. ಆ ಮಿಲ್ ಟೀಮಿನ ಬೆಂಚಿನಲ್ಲಿ ಹಸಿರು ಅಂಗಿಯವನೊಬ್ಬ ನಮ್ಮದೇ ಲೈವ್ ನೋಡುತ್ತಾ ಕೂತಿದ್ದ. ಆಟವನ್ನು ಆಮೇಲೆ ಆರು ಸಲ ನೋಡಿದೆ, ಅರ್ಧ ವೇಗದಲ್ಲಿ. ಇಂಟರ್ವಲ್‌ನಲ್ಲಿ ಅವನು ಕ್ಯಾಪ್ಟನ್ನಿಗೆ ಫೋನ್ ತೋರಿಸುವುದು ಕಾಣುತ್ತದೆ. ಅಲ್ಲಿಂದ ಮುಂದೆ ನೀನು ಬಾಗ್ಲಾಕು ಎಂದ ಕೂಡಲೇ ಅವರ ರೈಡರ್ ಓಡಿಹೋದ. ಬಿಟ್ಬುಡು ಎಂದಾಗ ಆರಾಮಾಗಿ ಬೋನಸ್ ಗೆರೆಯಾಚೆ ಕಾಲಿಟ್ಟು ಪಾಯಿಂಟ್ ತೆಗೆದುಕೊಂಡ. ಹಾಗೆ ಐದು ಪಾಯಿಂಟ್ ಹೋಯಿತು, ಸೋತದ್ದು ಎರಡೇ ಪಾಯಿಂಟಿನಲ್ಲಿ. ಲೆಕ್ಕ ನನಗೂ ಬರುತ್ತದೆ ಅಣ್ಣ. ಅವತ್ತು ಅಂಗಡಿಯ ಹಿಂದೆ ಹೋಗಿ ಅತ್ತೆ, ಇವರಿಗೂ ಕಾಣದ ಹಾಗೆ.

ಆದರೆ ಈಗ ಅಳುವುದಿಲ್ಲ. ನೀನು ಹೇಳಿ ಕಳಿಸಿದೆಯಂತೆ, ಇನ್ನು ಆ ಮನೆಯವರು ಯಾರೂ ನಮ್ಮ ಆಟ ನೋಡಬಾರದು ಎಂದು. ನೋಡಬೇಡ ಎನ್ನಲು ಅದೇನು ನಿನ್ನ ಮನೆ ಅಡುಗೆಕೋಣೆಯೇ? ಚಿಕ್ಕವಳಿದ್ದಾಗ ಹೆಣ್ಣುಮಕ್ಕಳು ಮೈದಾನದ ಹತ್ತಿರ ಬರಬಾರದು ಎಂದು ನೀವೆಲ್ಲ ಓಡಿಸಿದಿರಿ. ಪಕ್ಕದಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಿದ ಪಂದಲಿನ ಕೆಳಗೆ ಕೂತು ನೋಡಿದೆ. ಅಲ್ಲಿಂದ ಕಾಲುಗಳು ಮಾತ್ರ ಕಾಣುತ್ತಿದ್ದವು. ಕಾಲು ನೋಡಿಯೇ ಯಾರು ಯಾವ ಕಡೆ ತಿರುಗುತ್ತಾರೆ ಎಂದು ಹೇಳುವುದನ್ನು ಕಲಿತೆ. ಏಳನೇ ನಂಬರ್ ಬನಿಯನ್ ತೊಟ್ಟು ನೀನು ಆಡುವಾಗ ಎಡಗಾಲನ್ನು ಮೊದಲು ಎಳೆಯುತ್ತಿದ್ದೆ. ನಿನಗೇ ಗೊತ್ತಿರದ ಅದನ್ನು ನಿನಗೆ ಹೇಳಿದವಳು ನಾನು.

ಈ ಮೂರು ವರ್ಷ ಪ್ರತಿ ಆಟಕ್ಕೂ ಮೊದಲು ಎದುರಾಳಿಗಳ ಹಳೇ ವಿಡಿಯೋಗಳನ್ನು ಹುಡುಕಿ ನೋಡಿ, ನಿನಗೆ ವಾಯ್ಸ್ ಮೆಸೇಜ್ ಕಳಿಸಿದವರು ಯಾರು? ಅವರ ಮೂರನೇ ರೈಡರಿಗೆ ಬಲ ಮೊಣಕಾಲು ಸರಿಯಿಲ್ಲ ಎಂದದ್ದು ಯಾರು? ಹೋದ ವರ್ಷ ಕಪ್ ಹಿಡಿದು ಫೋಟೋ ತೆಗೆಸಿಕೊಂಡಾಗ, ಇದನ್ನೆಲ್ಲ ನನ್ನ ತಂಗಿ ಹೇಳಿಕೊಟ್ಟಳು ಎಂದು ಹುಡುಗರಿಗೆ ಒಂದು ಮಾತು ಹೇಳಿದೆಯಾ? ಗೆದ್ದಾಗ ನನ್ನ ಹೆಸರಿಲ್ಲ, ಸೋತಾಗ ನನ್ನ ಗಂಡನ ಹೆಸರು. ಇದು ಯಾವ ನ್ಯಾಯ?

ಆದ್ದರಿಂದ ಕೇಳು. ಇವರಿಗೆ ನೀನೇ ಫೋನ್ ಮಾಡಬೇಕು. ‘ತಪ್ಪು ತಿಳಿದೆ ಮಾಪ್ಳೆ’ ಎಂದರೆ ಸಾಕು, ಉದ್ದ ಬೇಡ, ಇವರಿಗೆ ನಾಚಿಕೆಯಾಗುತ್ತದೆ. ನಾನು ನನ್ನದೇ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಂಡಿದ್ದೇನೆ, ನಂಬರ್ ಕವರಿನ ಹಿಂದೆ ಬರೆದಿದೆ. ಗ್ರೂಪಿಗೆ ಅದನ್ನು ಸೇರಿಸು, ಮಣಿಮೇಗಲೈ ಎಂದೇ ಸೇರಿಸು. ಸೇರಿಸದಿದ್ದರೂ 22ನೇ ತಾರೀಖು ಭಾನುವಾರ ಬತ್ತಲಗುಂಡಿನ ಆಟಕ್ಕೆ ಬರುತ್ತೇನೆ. ಅಂಗಡಿಗೆ ರಜ ಹಾಕಿ ಇವರೂ ಬರುತ್ತಾರೆ, ಮಲಗಲು ತಲೆದಿಂಬು ತರುತ್ತಾರಂತೆ. ಈ ಸಲ ಪಂದಲಿನ ಕೆಳಗಲ್ಲ, ನಿನ್ನ ಬೆಂಚಿನ ಪಕ್ಕದಲ್ಲೇ ಕೂರುತ್ತೇನೆ. ಯಾರು ಏಳಿಸುತ್ತಾರೋ ನೋಡುತ್ತೇನೆ.

ಅಲ್ಲಿ ಎದುರಿಗೆ ಬರುವುದು ಮತ್ತೆ ಅದೇ ಮಿಲ್ ಟೀಮ್. ನಮ್ಮ ಮಾತು ಕಲಿತೆವು ಎಂದು ಬೀಗುತ್ತಿದ್ದಾರೆ, ಬೀಗಲಿ. ನೀನು ಯಾವಾಗಲಿನಂತೆ ಬಿಟ್ಬುಡು ಎಂದು ಕೂಗು. ಅವನು ಬೋನಸ್ ಎಂದು ಆಸೆಬಿದ್ದು ಕಾಲು ಚಾಚುತ್ತಾನೆ. ಹುಡುಗರಿಗೆ ಮೊದಲೇ ಹೇಳಿಟ್ಟಿರು, ಆ ಕಾಲನ್ನು ಹಿಡಿಯಲಿ. ಎರಡು ಸಲ ಹೀಗಾದರೆ ಹಸಿರು ಅಂಗಿಯವನು ತನ್ನ ಫೋನನ್ನು ತಾನೇ ಆಫ್ ಮಾಡುತ್ತಾನೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮಳೆಗೆ ಮುಂಚೆ ದ್ರಾಕ್ಷಿ ಇಳಿಸಿದರೆ ಒಂದು ಕೂಡೆ ತುಂಬಿ ಕಳಿಸು, ಸಿಟ್ಟಿದ್ದರೂ ಕಳಿಸು.

ನಿನ್ನ ಆಟವನ್ನು ಬಿಡದ ತಂಗಿ,
ಮಣಿಮೇಗಲೈ

ಮರೆತ ಮಾತು: ಅರ್ಥ ಕೇಳಿದ ಆ ಏಳನೇ ನಂಬರ್ ರಸಿಗನ್ ಮಿಲ್ ಟೀಮಿನ ಗೂಢಚಾರ, ಸಿಕ್ಕರೆ ಕಾಲು ಮುರಿಯುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅವನು ಸಿಕ್ಕಿದ್ದಾನೆ. ಮೊನ್ನೆ ಇವರಿಗೆ ತಾನೇ ಫೋನ್ ಮಾಡಿ, “ಮಾಮಾ, ಅರ್ಥ ಕೇಟ್ಟದ್ದು ನಾನೇ” ಎಂದು ಅತ್ತ. ನಿನ್ನ ಮಗ ವಿಮಲ್. ತಿರುಪ್ಪೂರಿನ ಬನಿಯನ್ ಕಂಪನಿಯ ಕ್ಯಾಂಟೀನಿನಲ್ಲಿ ಹದಿನೈದು ಜನ ಒಂದೇ ಫೋನಿನ ಸುತ್ತ ಕೂತು ನಮ್ಮ ಆಟ ನೋಡುತ್ತಿದ್ದರಂತೆ. ಅವರೆಲ್ಲ, ನಿಮ್ಮಪ್ಪ ಏನು ಕೂಗುತ್ತಿದ್ದಾರೆ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಇಸ್ಕೂಲಿನಲ್ಲಿ ನಗುತ್ತಾರೆ, ಮಗನ ಮುಂದೆ ಮನೆಯಲ್ಲೂ ತಮಿಳೇ ಆಡಿ ಎಂದು ಕಟ್ಟಪ್ಪಣೆ ಮಾಡಿದವನು ನೀನು. ಅಪ್ಪನ ಮಾತಿನ ಅರ್ಥವನ್ನು ಅವನು ನಾಲ್ಕು ಸಾವಿರ ಜನರ ಮುಂದೆ ಬೇಡಿದ. ಉತ್ತರ ಕೊಟ್ಟದ್ದು ಅತ್ತೆ ಎಂದು ಅವನಿಗೂ ತಿಳಿದಿರಲಿಲ್ಲ. ಈಗ ದಿನಕ್ಕೊಂದು ಮಾತು ಕಳಿಸು ಅತ್ತೆ ಎನ್ನುತ್ತಾನೆ, ಕಳಿಸುತ್ತಿದ್ದೇನೆ. ಭಾನುವಾರ ಅವನೂ ಬರುತ್ತಾನೆ. ಇನ್ನೂ ಯಾರನ್ನಾದರೂ ಬ್ಲಾಕ್ ಮಾಡುವುದಿದ್ದರೆ ಅವನಿಂದ ಶುರುಮಾಡು.