ಪಾಪುವಿನ ಬಟ್ಟಲಿನ ಎಣ್ಣೆ

ಬಸವನಗುಡಿ, ಬೆಂಗಳೂರು
೨೬ನೇ ನವೆಂಬರ್ ೧೯೨೬, ಶುಕ್ರವಾರ ಮಧ್ಯಾಹ್ನ

ನನ್ನವರಿಗೆ ನಮಸ್ಕಾರಗಳು.

ಈ ಕಾಗದ ಕೈಗೆ ಬರುವ ಹೊತ್ತಿಗೆ ನಿಮ್ಮ ಊಟ ಮುಗಿದಿರಲಿ ಅಂತ ಹಾರೈಸುತ್ತೇನೆ; ಹಸಿದ ಹೊಟ್ಟೆಯಲ್ಲಿ ಓದುವ ಕಾಗದವಲ್ಲ ಇದು. ಧೂಳಿನ ಕೆಮ್ಮು ಕಡಿಮೆಯಾಯಿತೆ? ಶಿಡ್ಲಘಟ್ಟದ ಸುತ್ತಿನ ಹಳ್ಳಿಹಳ್ಳಿಗೂ ಹೋಗಿ ರೇಷ್ಮೆಹುಳುವಿನ ಕಾಯಿಲೆ ಕಂಡುಹಿಡಿಯುವ ಇನ್‌ಸ್ಪೆಕ್ಟರು ತಮ್ಮ ಎದೆಯನ್ನೂ ಒಂದು ಸಲ ಡಾಕ್ಟರಿಗೆ ತೋರಿಸಿದರೆ ಇಲಾಖೆ ಬೇಡ ಅನ್ನುವುದಿಲ್ಲ. ಅತ್ತೆಯವರ ಮಂಡಿನೋವು ಹೇಗಿದೆ? ನಮ್ಮಜ್ಜಿ ಅವ್ವ ಕೊಟ್ಟ ಬೇರು ಅರೆದು ಹಚ್ಚುತ್ತಿದ್ದಾರೆಯೆ, ಅಥವಾ ಬೀಗರ ಮನೆ ಮದ್ದು ಅಂತ ಮೂಲೆಗಿಟ್ಟರೆ?

ಇಲ್ಲಿ ಪಾಪು ಕ್ಷೇಮ. ಬೋರಲು ಬೀಳುತ್ತಾಳೆ, ಬಿದ್ದಮೇಲೆ ಮರಳಿ ಅಂಗಾತ ಆಗುವುದಕ್ಕೆ ಬರದೆ ನಾವೇ ಬೀಳಿಸಿದ ಹಾಗೆ ಕೂಗುತ್ತಾಳೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ನನ್ನ ಮುಖ ನೋಡುವ ಕೆಲಸ. ನಾಲ್ಕು ತಿಂಗಳಿಂದ ಒಟ್ಟಿಗೆ ಮೂರು ಗಂಟೆ ಕಣ್ಣು ಮುಚ್ಚಿದ್ದು ನೆನಪಿಲ್ಲ. ಕಾಲೇಜಿನಲ್ಲಿ ಪರೀಕ್ಷೆಯ ಕಾಲಕ್ಕೂ ಇಷ್ಟು ಎಚ್ಚರವಿರಲಿಲ್ಲ ನಾನು. ಮೊನ್ನೆ ಕಾಫಿಗೆ ಉಪ್ಪು ಹಾಕಿ ಅಪ್ಪನಿಗೆ ಕೊಟ್ಟೆ. ಅವರು ಪೂರ್ತಿ ಕುಡಿದು, "ಚೆನ್ನಾಗಿದೆ ಕಣಮ್ಮ, ನಾಳೆ ಸಕ್ಕರೆ ಹಾಕಿ ನೋಡೋಣ" ಅಂದರು.

ನಿಮ್ಮ ಕಾಗದ ಬುಧವಾರ ಬಂತು. ಪಾಪುವಿಗೆ ಐದನೇ ತಿಂಗಳು, ಬರುವ ಗುರುವಾರ ದಿನ ಚೆನ್ನಾಗಿದೆ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುವುದಕ್ಕೆ ಬರುತ್ತೀರಿ ಅಂತ ಓದಿ ಸಂತೋಷಪಟ್ಟೆ. ಮುಂದಿನ ಸಾಲು ಓದಿ ಕೂತುಬಿಟ್ಟೆ. ಯಾರದೋ ಸೈಡ್‌ಕಾರು ಎರವಲು ಸಿಕ್ಕಿದೆ, ಅದನ್ನು ಮೋಟಾರ್ ಬೈಸಿಕಲ್ಲಿಗೆ ಕಟ್ಟಿ, ತಾಯಿ ಮಗುವನ್ನು ಅದರಲ್ಲಿ ಕೂರಿಸಿ, ದೇವನಹಳ್ಳಿ ಮೇಲೆ ಎರಡೇ ಗಂಟೆಯಲ್ಲಿ ಮನೆ ಸೇರಿಸುತ್ತೀರಂತೆ. ಅವ್ವನಿಗೆ ಓದಿ ಹೇಳಿದೆ. "ಅಳಿಯ ದೇವರು ಹೆಂಡತೀನ ಕರ್ಕೊಂಡು ಹೋಗ್ತಾರೋ, ಹಾರಿಸ್ಕೊಂಡು ಹೋಗ್ತಾರೋ?" ಅಂದಳು. ಆದರೂ ಒಳಗೊಳಗೇ ಹೆಮ್ಮೆ. ಸಂಜೆಯ ಒಳಗೆ ಬೀದಿಗೆಲ್ಲ ಹೇಳಿ ಬಂದಿದ್ದಳು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡಿ, ಅವ್ವನಿಗೆ ಎಪ್ಪತ್ತು ದಾಟಿದೆ. ನೀವು ತರಬೇತಿಗೆ ಹೋದಾಗ ನಿಮ್ಮ ಮೋಟಾರ್ ಗಾಡಿ ನಾಲ್ಕು ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ನಿಂತಿತ್ತಲ್ಲ, ಆಗ ನಡೆದದ್ದು ಇದು. ಪಾಪುವಿಗೆ ದಿನಾ ಬೆಳಿಗ್ಗೆ ಒಳ್ಳೆಣ್ಣೆ ಕಾಯಿಸಿ ಮೈಗೆ ತಿಕ್ಕುತ್ತಾಳೆ ಅವ್ವ. ಬಟ್ಟಲಿನ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಮಗುವಿನ ಮೈಗೆ ತೆಗೆದ ಎಣ್ಣೆಯನ್ನು ನೆಲಕ್ಕೆ ಚೆಲ್ಲಬಾರದು, ಬೇರೆಯವರ ತಲೆಗೂ ಇಡಬಾರದು, ದೀಪಕ್ಕಂತೂ ಕೂಡದು. ನಮ್ಮ ಮನೆಯ ಪದ್ಧತಿ ಹಾಗೆ. ನಾನು ಹುಟ್ಟಿದಾಗ ಅವ್ವ ಅದನ್ನು ಕೊಟ್ಟಿಗೆಯ ಎತ್ತಿನ ಕೊಂಬಿಗೆ ಸವರುತ್ತಿದ್ದಳಂತೆ. ಈಗ ಕೊಟ್ಟಿಗೆಯಲ್ಲಿ ಎತ್ತೆಲ್ಲಿದೆ? ನಿಮ್ಮ ಗಾಡಿ ಇತ್ತು. ಅವ್ವ ಅದರ ಹಿಂದಿನ ಚಕ್ರ ಮುಟ್ಟಿ ನೋಡಿ, "ಒಣಗಿ ಬಿರಿದದೆ ಕಣೇ, ಥೇಟ್ ನನ್ನ ಹಿಮ್ಮಡಿ ಇದ್ದಂಗೆ" ಅಂತ ಮರುಗಿ, ಅವತ್ತಿನಿಂದ ಬಟ್ಟಲಲ್ಲಿ ಉಳಿದದ್ದನ್ನೆಲ್ಲ ಆ ಟೈರಿಗೆ ಉಣಿಸಿದಳು. ಸುಣ್ಣದ ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದ್ದಿರಲ್ಲ, ಸಂದಿಯಲ್ಲಿದ್ದ ಮುಂದಿನ ಚಕ್ರದ ತನಕ ಅವಳ ಸೊಂಟ ಬಗ್ಗಲಿಲ್ಲ. ಮೊನ್ನೆ ಹದಿನಾಲ್ಕನೇ ತಾರೀಖು ನೀವು ಬಂದು ಗಾಡಿ ತೆಗೆದುಕೊಂಡು ಹೋಗುವಾಗ "ಟೈರು ಒಳ್ಳೇ ಮಿಂಚುತ್ತಿದೆಯಲ್ಲ" ಅಂದಿರಿ. ಅವ್ವ ಸೆರಗಿನಲ್ಲಿ ನಕ್ಕಳು.

ನೀವು ಹೋದಮೇಲೆ ಎಣ್ಣೆಗೆ ದಾರಿ ಬೇಕಲ್ಲ. ಅಪ್ಪ ದಂಡುಪ್ರದೇಶದ ಅಂಗಡಿಯಿಂದ ತಂದುಕೊಟ್ಟ ಮಗುವಿನ ತಳ್ಳುಗಾಡಿಯ ಚಕ್ರಕ್ಕೆ ಹತ್ತಿತು. ನಿನ್ನೆ ಸಂಜೆ ಪಾಪುವನ್ನು ಅದರಲ್ಲಿ ಮಲಗಿಸಿಕೊಂಡು ದೊಡ್ಡ ಬಸವಣ್ಣನ ಗುಡಿಯ ಇಳಿಜಾರಿನಲ್ಲಿ ಬರುತ್ತಿದ್ದೆ. ಪರಿಷೆಗೆ ಇನ್ನು ಮೂರೇ ದಿನ, ಕಡಲೆಕಾಯಿ ಮೂಟೆಯ ಗಾಡಿಗಳು ಒಂದರ ಹಿಂದೊಂದು ಏರುತ್ತಿದ್ದವು. ಇದ್ದಕ್ಕಿದ್ದ ಹಾಗೆ ತಳ್ಳುಗಾಡಿಯ ಮುಂದಿನ ಚಕ್ರದ ರಬ್ಬರು ಕಬ್ಬಿಣದ ಸುತ್ತಿನಿಂದ ಕಳಚಿ, ಹಾವಿನ ಪೊರೆಯ ಹಾಗೆ ಜಾರಿ ರಸ್ತೆಗೆ ಬಿತ್ತು. ಪಾಪುವಿನ ಬಂಡಿ ಎತ್ತಿನ ಕಡೆಗೆ ಎಳೆಯಿತು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೈ ಮಾತ್ರ ಹಿಡಿಯನ್ನು ನೇರಕ್ಕೆ ಬಿಗಿಯಾಗಿ ಹಿಡಿದುಕೊಂಡಿತು. ಥಟ್ಟನೆ ನಿಲ್ಲಿಸಿದ್ದರೆ ಪಾಪು ಎಗರಿ ಬೀಳುತ್ತಿದ್ದಳು, ತಿರುಗಿಸಿದ್ದರೆ ಬಂಡಿಯೇ ಮಗುಚುತ್ತಿತ್ತು. ಎರಡೂ ಮಾಡದೆ ಜೊತೆಗೇ ಹತ್ತು ಹೆಜ್ಜೆ ಓಡಿ, ವೇಗ ತಾನಾಗಿ ಇಳಿದಮೇಲೆ ಪಕ್ಕದ ಹುಲ್ಲಿಗೆ ತಂದೆ. ನಿಮ್ಮ ಮಗಳು ಕಣ್ಣು ಬಿಟ್ಟು ಆಕಳಿಸಿದಳು.

ಬಂಡಿಯನ್ನು ಚಾಮರಾಜಪೇಟೆಯ ಶೀನಣ್ಣನ ಸೈಕಲ್ ಅಂಗಡಿಗೆ ಕಳಿಸಿದೆವು. ಇವತ್ತು ಬೆಳಿಗ್ಗೆ ಅವನೇ ಆ ರಬ್ಬರನ್ನು ಕೈಯಲ್ಲಿ ಹಿಡಿದುಕೊಂಡು ಬಂದ. ಹಿಸುಕಿದರೆ ಹಲ್ವದ ಹಾಗೆ ಬೆರಳಿಗೆ ಅಂಟುತ್ತಿತ್ತು. "ಯಾರಮ್ಮ ಇದಕ್ಕೆ ಎಣ್ಣೆ ನೀರು ಹಾಕಿದ್ದು? ಎತ್ತಿನಗಾಡಿ ಅಚ್ಚಿಗೆ ಎಣ್ಣೆ ಬಿಟ್ರೆ ಗಾಡಿ ಓಡ್ತದೆ, ರಬ್ಬರಿಗೆ ಬಿಟ್ರೆ ಗಾಡಿ ಮಲಗ್ತದೆ" ಅಂದ. "ಹಂಗಾರೆ ಮೊದಲೇ ಬಂದು ಹೇಳೋಕೇನಾಗಿತ್ತು ನಿಂಗೆ, ನಿನ್ ಬಾಯಿಗೇನು ಎಣ್ಣೆ ಬಿಡಬೇಕಾಗಿತ್ತಾ?" ಅಂತ ಅವ್ವ ಅವನ ಮೇಲೇ ಬಿದ್ದಳು. ಆಮೇಲೆ ನಿಮ್ಮ ಟೈರು ನೆನಪಾಯಿತು. ಆಗಿನಿಂದ ದೇವರ ಮನೆಯಲ್ಲಿ ಕೂತಿದ್ದಾಳೆ.

ಶೀನಣ್ಣ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನಿಮ್ಮ ಟೈರಿನ ಅಂಚನ್ನು ಕಬ್ಬಿಣದ ಸುತ್ತು ಕಚ್ಚಿ ಹಿಡಿದಿರುತ್ತದಂತೆ. ಎಣ್ಣೆ ಕುಡಿದು ಉಬ್ಬಿ ಮೆತ್ತಗಾದ ಅಂಚು ಓಟದ ಬಿಸಿಗೆ ಜಾರಿ ಈಚೆ ಬರುತ್ತದೆ, ಒಳಗಿನ ಟ್ಯೂಬು ಒಡೆಯುತ್ತದೆ. ಹಿಂದಿನದು ಹೋದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಅದರ ಜೊತೆ ಜಗಳಕ್ಕೆ ಹೋಗಬಾರದು. ಎರಡು ಕೈಯಲ್ಲೂ ಹಿಡಿ ನೇರ ಇಟ್ಟು, ಇಂಜಿನ್ನಿನ ವೇಗ ಮೆಲ್ಲಗೆ ಇಳಿಸಿ, ಬ್ರೇಕು ಮುಟ್ಟದೆ, ನಿಲ್ಲುವ ಹೊತ್ತಿಗೆ ರಸ್ತೆ ಬಿಟ್ಟು ಪಕ್ಕಕ್ಕೆ ಬರಬೇಕು. ಮುಂದಿನದು ಹೋದರೆ? ಅಂತ ನಾನು ಕೇಳಿದೆ. ಮೈ ಹಿಂದಕ್ಕೆ ವಾಲಿಸಿ, ಮುಂದಿನ ಬ್ರೇಕಿನ ತಂಟೆಗೆ ಹೋಗದೆ, ಹಿಂದಿನದನ್ನು ಮಾತ್ರ ಅಷ್ಟಷ್ಟೇ ಒತ್ತಬೇಕಂತೆ. "ಅದು ಹೋಗಬಾರದಮ್ಮ. ಸೈಡ್‌ಕಾರು ಕಟ್ಟಿದ್ರಂತೂ ಗಾಡಿ ಎಳೆದ ಕಡೆಗೇ ಹೋಗೋದು" ಅಂತ ಅಷ್ಟೇ ಅಂದು ಟವೆಲಿನಿಂದ ಮುಖ ಒರೆಸಿಕೊಂಡ. ನೀವು ಗಾಡಿ ಹತ್ತುವ ಮೊದಲು ಎರಡು ಚಕ್ರವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಹಪ್ಪಳದ ಹಾಗೆ ಎಲ್ಲಾದರೂ ಉಬ್ಬಿದೆಯೇ, ಬಿರುಕಿದೆಯೇ ಅಂತ ಸುತ್ತಲೂ ಕಣ್ಣಾಡಿಸಿ. ನಿಮ್ಮ ಹತ್ತಿರ ಹೊಸ ಟೈರು ಒಂದಿದೆ ಅಂದಿದ್ದಿರಿ; ಅದನ್ನು ಈ ಕಾಗದ ಓದಿದ ದಿನವೇ ಹಿಂದಕ್ಕೆ ಹಾಕಿಸಿ. ಹಾಕಿಸಿಕೊಂಡು ನಿಧಾನವಾಗಿ ಬನ್ನಿ, ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆಯಾದರೆ ಪಾಪು ಏನೂ ಅನ್ನುವುದಿಲ್ಲ.

ತಂತಿ ಕೊಡೋಣವೆಂದೇ ಇದ್ದೆ. ತಂತಿಯವನು ಬಾಗಿಲಿಗೆ ಬಂದರೆ ಅತ್ತೆಯವರು ಅದರಲ್ಲೇನಿದೆ ಅಂತ ಕೇಳುವ ಮೊದಲೇ ಅಳುವುದಕ್ಕೆ ಕೂರುತ್ತಾರೆ ಅಂತ ಸುಮ್ಮನಾದೆ. ಅಂಚೆಯಲ್ಲಿ ನಾಳೆ ನಾಡಿದ್ದರಲ್ಲಿ ಸೇರೀತು. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವ್ವ ದೇವರ ಮನೆಯಿಂದಲೇ ನಿಮಗೆ ಆಶೀರ್ವಾದ ಕೂಗಿ ಹೇಳುತ್ತಿದ್ದಾಳೆ, ನಿಮಗೂ ನಿಮ್ಮ ಎರಡು ಚಕ್ರಕ್ಕೂ. ಪಾಪು ಎದ್ದಳು.

ನಿಮ್ಮ
ದ್ರೌಪದಿ

ತಾ.ಕ.: ಅಂಚೆಗೆ ಹಾಕಲು ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಅವ್ವನ ಸೊಂಟ ಮುಂದಿನ ಚಕ್ರದ ತನಕ ಬಗ್ಗಲಿಲ್ಲ ಅಂತ ಬರೆದೆನಲ್ಲ, ಅದು ನಿಜ. ನನ್ನದು ಬಗ್ಗಿತು. ರಾತ್ರಿಯೆಲ್ಲ ಎದ್ದಿದ್ದು, ಬೆಳಿಗ್ಗೆ ಅವ್ವ ಮಗುವಿಗೆ ನೀರು ಹಾಕುವಾಗ, ಬಟ್ಟಲು ತೆಗೆದುಕೊಂಡು ಹೋಗಿ ಗೋಡೆಯ ಸಂದಿಯಲ್ಲಿ ಕೂತು ಮುಂದಿನ ಚಕ್ರಕ್ಕೆ ಹಚ್ಚುತ್ತಿದ್ದೆ. ಕಾಲೇಜಿನಲ್ಲಿ ಓದಿದವಳು ನಾನು, ಒಂದು ದಿನವೂ ರಬ್ಬರಿಗೆ ಎಣ್ಣೆ ಯಾಕೆ ಅಂತ ಯೋಚಿಸಲಿಲ್ಲ. ಈ ಮನೆಯಲ್ಲಿ ನಿಮ್ಮ ವಾಸನೆ ಇದ್ದದ್ದು ಆ ಗಾಡಿಯೊಂದಕ್ಕೇ. ಹೊಸ ಟೈರು ಹಿಂದಕ್ಕೆ ಹಾಕಿಸಿದರೆ ಸಾಲದು; ಗಾಡಿಯನ್ನು ಮುಟ್ಟಲೇಬೇಡಿ, ಪಕ್ಕದ ಹಳ್ಳಿಗೂ ಬೇಡ. ಶೀನಣ್ಣನನ್ನು ಮತ್ತೆ ಕರೆಸಿ ಎಲ್ಲ ಹೇಳಿದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾಳೆ ಬೆಳಗಿನ ಸಣ್ಣ ಹಳಿಯ ರೈಲಿಗೆ ಇದನ್ನೂ ಎರಡು ಹೊಸ ಟೈರನ್ನೂ ಹಿಡಿದುಕೊಂಡು ಅವನೇ ಬರುತ್ತಾನೆ. ಗುರುವಾರ ನೀವು ಆ ರೈಲಿನಲ್ಲೇ ಬನ್ನಿ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಬಂದು ನನ್ನ ಎದುರಿಗೆ ನಿಂತು ಬೈಯಿರಿ.